ಹದಿನಾಲ್ಕು ಸೊಪ್ಪಿನ ಪಟ್ಟಿ

ಮುದ್ದಕ್ಕ ತನ್ನ ಜೀವಮಾನದಲ್ಲಿ ಒಂದು ಸೊಪ್ಪಿನ ಗಿಡವನ್ನೂ ಬೇರು ಸಮೇತ ಕಿತ್ತವಳಲ್ಲ. ಎರಡು ಬೆರಳಿನಲ್ಲಿ ಕುಡಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುವಳು. ಗಿಡ ನಿಂತಲ್ಲೇ ನಿಲ್ಲುತ್ತಿತ್ತು, ಎಂಟು ದಿನಕ್ಕೆ ಮತ್ತೆ ಚಿಗುರುತ್ತಿತ್ತು. ನಿಡುಗಲ್ ಬೆಟ್ಟದ ಕೆಳಗಿನ ಕಣಿವೆಹಟ್ಟಿಯಲ್ಲಿ ಇದು ಹೆಂಗಸರೆಲ್ಲರ ಕಟ್ಟುಪಾಡು. ಹೊಲ ಯಾರದಾದರೂ ಆಗಲಿ, ಬದುವಿನ ಮೇಲಿನ ಸೊಪ್ಪು ಚಿವುಟಿದವಳನ್ನು ಯಾರೂ ಕೇಳುತ್ತಿರಲಿಲ್ಲ. ಬೇರು ಕಿತ್ತವಳನ್ನು ಮಾತ್ರ ಊರೆಲ್ಲ ಕೇಳುತ್ತಿತ್ತು.

ಇನ್ನೊಂದು ಕಟ್ಟುಪಾಡೂ ಇತ್ತು. ಒಂದೇ ಸೊಪ್ಪನ್ನು ಬೇಯಿಸಬಾರದು, ಬೆರಕೆ ಮಾಡಬೇಕು. ಅಣ್ಣೆಸೊಪ್ಪು ಸಪ್ಪೆ, ಆದರೆ ಮಸೆದರೆ ಬೆಣ್ಣೆ. ಗೋಣಿಸೊಪ್ಪಿನ ಹುಳಿ ಅದಕ್ಕೆ ಬೇಕು. ಚಗತೆ ಒಂದನ್ನೇ ತಿಂದರೆ ಹೊಟ್ಟೆ ಕೆಡುತ್ತದೆ, ಕನ್ನೆಸೊಪ್ಪು ಜೊತೆಗಿದ್ದರೆ ಇಲ್ಲ. ನುಗ್ಗೆ ಉಷ್ಣ, ಗಣಿಕೆ ತಂಪು. ಇದನ್ನೆಲ್ಲ ಮುದ್ದಕ್ಕನಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಅತ್ತೆಯ ಹಿಂದೆ ಬದು ಸುತ್ತಿ ಕಲಿತದ್ದು. ಈಗ ಅವಳ ಹಿಂದೆ ಮೊಮ್ಮಗಳು ಕಾಟಮ್ಮ ಸುತ್ತುತ್ತಿದ್ದಳು. ಕಾಟಿಗೆ ಏಳು ವರ್ಷ. ಹೆತ್ತ ತಾಯಿ ಇರಲಿಲ್ಲ.

ಅದು ಯುದ್ಧದ ನಾಲ್ಕನೆಯ ವರ್ಷ. ಯಾವ ದೇಶಕ್ಕೂ ಯಾವ ದೇಶಕ್ಕೂ ಜಗಳವೋ ಕಣಿವೆಹಟ್ಟಿಗೆ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಆ ಜಗಳಕ್ಕೆ ಕಣಿವೆಹಟ್ಟಿಯ ಕಣ ಗೊತ್ತಿತ್ತು. ಮಳೆ ಬಂದಿತ್ತು, ರಾಗಿ ಬೆಳೆದಿತ್ತು. ತೂರಿದ ದಿನವೇ ಲೆವಿ ಧಾನ್ಯದ ವಸೂಲಿಗೆ ಸರ್ಕಾರದವರು ಬಂದು ಕಣದಲ್ಲೇ ಅಳೆದು ಮೂಟೆ ಕಟ್ಟಿಸಿದರು. ಗಾಡಿಗಳು ಸಾಲಾಗಿ ಪಾವಗಡದ ದಾರಿ ಹಿಡಿದವು. ಅಡಿಕಾಳು, ಹೊಟ್ಟು ಊರಿಗೆ ಉಳಿದವು. ಬೆಳೆದವರು ಹಸಿದಿರುವುದನ್ನು ಬರ ಎನ್ನಲಾಗುವುದಿಲ್ಲ. ಆದ್ದರಿಂದ ಅದಕ್ಕೆ ಕಾಗದದಲ್ಲಿ ಹೆಸರೇ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಕಾಟಿ ಹೊತ್ತು ಮುಳುಗಿದ ಕೂಡಲೇ ಹೊಸಿಲು ಎಡವತೊಡಗಿದಳು. ಮೊದಲ ದಿನ ಅಜ್ಜಿ ಬೈದಳು. ಎರಡನೆಯ ದಿನ ಒಲೆಯ ಮುಂದೆ ಇಟ್ಟ ತಟ್ಟೆಯನ್ನು ಹುಡುಗಿ ಕೈಯಿಂದ ತಡವುವುದನ್ನು ಅಜ್ಜಿ ಕಂಡಳು.

"ಇರುಳುಗಣ್ಣು ಕಣ್ಲಾ ಪಾಲಣ್ಣ," ಎಂದಳು ಕಾಟಿಯ ತಂದೆಯಾದ ಮಗನಿಗೆ. "ನಮ್ಮತ್ತೆ ಕೊನೇ ಕೂಸಿಗೆ ಇಂಗೇ ಆಗಿತ್ತು."

"ಆಮೇಲೆ?" ಎಂದ ರಸ್ತೆಗೆ ಜಲ್ಲಿ ಒಡೆದು ಬಂದಿದ್ದ ಪಾಲಣ್ಣ.

"ಆಮೇಲೆ ಹೂ ಬಿತ್ತು."

ಕಣ್ಣಲ್ಲಿ ಹೂ ಬೀಳುವುದೆಂದರೆ ಕರಿಗುಡ್ಡೆಯ ಮೇಲೆ ಬಿಳಿ ಪೊರೆ ನಿಲ್ಲುವುದು. ಅದು ಬಿದ್ದರೆ ಏಳುವುದಿಲ್ಲ.

ಮುದ್ದಕ್ಕ ಕೆರೆ ಅಂಗಳಕ್ಕೆ ಹೋಗಿ ಹೊನಗೊನ್ನೆ ತಂದಳು. ಕಣ್ಣಿಗೆ ಅದೇ ಮದ್ದು, ಅದೇ ಊಟ. ತಿಂಗಳು ದಿನ ಬೇಯಿಸಿ ಹಾಕಿದಳು. ಹುಡುಗಿಯ ಕಣ್ಣು ಇದ್ದ ಹಾಗೇ ಇತ್ತು. ಮುದ್ದಕ್ಕನಿಗೆ ಕಾರಣವೂ ಗೊತ್ತಿತ್ತು. ಹೊನಗೊನ್ನೆಯನ್ನು ಹುಚ್ಚೆಳ್ಳೆಣ್ಣೆಯಲ್ಲಿ ಬಾಡಿಸಿ ಮುದ್ದೆಯ ಜೊತೆ ಕೊಡಬೇಕು. ಮನೆಯಲ್ಲಿ ಎಣ್ಣೆಯಿಲ್ಲ, ಮುದ್ದೆಯೂ ಇಲ್ಲ. ಬರೀ ಸೊಪ್ಪು ಹಸಿರಾಗಿ ಹೋಗಿ ಹಸಿರಾಗಿಯೇ ಬರುತ್ತಿತ್ತು.

ಅಷ್ಟರಲ್ಲಿ ಸಂಕ್ರಾಂತಿಯ ಹೊತ್ತಿಗೆ ಊರ ಚಾವಡಿಯಲ್ಲಿ ಗಂಜಿ ಕೇಂದ್ರ ತೆರೆಯಿತು. ಮಕ್ಕಳಿಗೆ ಮಾತ್ರ, ಮಧ್ಯಾಹ್ನಕ್ಕೊಂದು ಸಲ. ಅದನ್ನು ನೋಡಿಕೊಳ್ಳುತ್ತಿದ್ದವರು ಕೂಲಿಮಠದ ಮೇಷ್ಟ್ರು ನಾಗಲಿಂಗಯ್ಯ. ಗಂಜಿಗೆ ಅವರು ಹುರುಳಿ ಅರೆಸಿ ಹಾಕಿಸುವರು. ಮೇಲೊಂದು ಮಿಳ್ಳೆ ಕಡಲೆಕಾಯಿ ಎಣ್ಣೆಯನ್ನು ತಾವೇ ನಿಂತು ಸುರಿಸುವರು. ಮುದ್ದಕ್ಕ ಬೇಯಿಸಿದ ಹೊನಗೊನ್ನೆಯನ್ನು ಸೆರಗಿನಡಿ ಮುಚ್ಚಿಕೊಂಡು ಹೋಗಿ ಕಾಟಿಯ ಗಂಜಿಯಲ್ಲಿ ಕಲಸುವಳು. ಒಂದೂವರೆ ತಿಂಗಳಾಗಿರಬೇಕು. ಒಂದು ಸಂಜೆ ಕಾಟಿ ಜಗಲಿಯ ಮೇಲಿಂದ ಕೂಗಿದಳು:

"ಅಜ್ಜೀ, ಕೋಳಿ ಪಂಜರದಾಗೆ ಹೋಗ್ಲೇ ಇಲ್ಲ, ತಿಪ್ಪೆ ಮೇಲೈತೆ ನೋಡು!"

ಮುದ್ದಕ್ಕ ಹೊರಗೆ ಬಂದಳು. ಹೊತ್ತು ಮುಳುಗಿ ಕತ್ತಲು ಕವಿಯುತ್ತಿತ್ತು. ಕೋಳಿ ತಿಪ್ಪೆಯ ಮೇಲೆಯೇ ಇತ್ತು. ಅವಳು ಕೋಳಿಗೆ ಕೈ ಮುಗಿದಳು.

"ಇನ್ನೊಂದು ಆರು ತಿಂಗಳು," ಎಂದರು ನಾಗಲಿಂಗಯ್ಯ ಮೇಷ್ಟ್ರು. "ಇದು ತಪ್ಪದಂತೆ ನೋಡಿಕೊ ಮುದ್ದಕ್ಕ. ಕಣ್ಣು ಉಳೀತದೆ."

ಜಯರಾಮಯ್ಯ ಬಂದದ್ದು ಅದಾದ ವಾರಕ್ಕೆ.

ಖಾದಿ ತೊಟ್ಟ, ಮೀಸೆ ಬೋಳಿಸಿದ, ಮೂವತ್ತು ದಾಟದ ಸರ್ಕಾರಿ ಆಹಾರ ಪರೀಕ್ಷಕ. ಮಧುಗಿರಿ, ಕೊರಟಗೆರೆ ಮುಗಿಸಿ ಪಾವಗಡಕ್ಕೆ ಬಂದಿದ್ದ. ಇಲ್ಲಿಂದ ಸಿರಾಕ್ಕೆ ಹೋಗುವವನು. ಹಳ್ಳಿಯವರು ತಿನ್ನುವ ಸೊಪ್ಪುಗಳನ್ನು ಒಂದಕ್ಕೊಂದು ಹೋಲಿಸಿ, ಯಾವುದರಲ್ಲಿ ಏನು ಸತ್ವ, ಯಾವುದನ್ನು ಹೇಗೆ ಅಡುಗೆ ಮಾಡುತ್ತಾರೆ ಎಂದು ಪಟ್ಟಿ ಮಾಡುವುದು ಅವನ ಕೆಲಸ. ಊರಿನಲ್ಲಿ ಯಾರಿಗೆ ಹೆಚ್ಚು ಸೊಪ್ಪು ಗೊತ್ತು ಎಂದು ಕೇಳಿದ. ಎಲ್ಲರೂ ಒಂದೇ ಕಡೆ ಕೈ ತೋರಿಸಿದರು.

ಮುದ್ದಕ್ಕ ಅವನನ್ನು ಬದುವಿನ ಮೇಲೆ ನಡೆಸಿದಳು. ಅವನ ಬೂಟು ಜಾರುತ್ತಿತ್ತು. ಕಾಟಿ ನಕ್ಕಳು.

"ಬುದ್ದಿ, ಚರ್ಮದ ಕಾಲು ಬಿಚ್ಚಿಕ್ಕಿ, ಮಣ್ಣಿನ ಕಾಲಲ್ಲಿ ಬನ್ನಿ," ಎಂದಳು ಮುದ್ದಕ್ಕ.

ಅವನು ನಿಜವಾಗಿಯೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅಲ್ಲೇ ಅವಳು ಸೋತಳು. ಕೂತು, ಮುಟ್ಟಿ, ಮೂಸಿ, ಒಂದೊಂದನ್ನೂ ತೋರಿಸಿದಳು.

"ಇದು ಮುಳ್ಳುಕೀರೆ. ಮುಳ್ಳೈತೆ ಅಂತ ಬುಟ್ಟೋರು ದಡ್ಡರು. ಎಳೇದ್ರಲ್ಲಿ ತಂದು ಬಸ್ಸಾರು ಮಾಡಿದ್ರೆ ಬಾಣಂತಿ ಎದ್ದು ಕೂತ್ಕಂತಾಳೆ."

"ಕಬ್ಬಿಣದ ಅಂಶ," ಎಂದು ಬರೆದುಕೊಂಡ ಜಯರಾಮಯ್ಯ.

"ಕಬ್ಬಿಣ ಎಲ್ಲೈತೆ ಬುದ್ದಿ? ಸೊಪ್ಪು ಇದು."

ಅವನು ನಕ್ಕ. ರಕ್ತದಲ್ಲಿಯೂ ಕಬ್ಬಿಣ ಇರುತ್ತದೆ ಎಂದು ಹೇಳಿದ. ಮುದ್ದಕ್ಕ ಒಪ್ಪಲಿಲ್ಲ. ಕಾಟಿ ಮಾತ್ರ ಮೊಣಕಾಲಿನ ತರಚು ಗಾಯವನ್ನು ನೆಕ್ಕಿ, "ಹೂಂ ಅಜ್ಜಿ, ಕುಡುಗೋಲಿನ ರುಚಿನೇ ಐತೆ," ಎಂದಳು.

ಪುಂಡಿಸೊಪ್ಪು ಬಂದಾಗ ಅವನು, "ಇದು ಗೋಂಗೂರ ಅಲ್ಲವೇ?" ಎಂದ.

"ಗಡಿ ಆಚೆಯೋರು ಅಂಗಂತಾರೆ. ಅವರು ಒಣಮೆಣಸಿನಕಾಯಿ ಹಾಕಿ ಉರಿಸ್ತಾರೆ. ನಾವು ಕಡಲೆಬೇಳೆ ಹಾಕಿ ತಣ್ಣಗೆ ಮಾಡ್ತೀವಿ. ಗಿಡ ಒಂದೇ, ಸಿಟ್ಟು ಬ್ಯಾರೆ."

ನುಗ್ಗೆಯಲ್ಲಿ ಸುಣ್ಣದ ಅಂಶ ಹೆಚ್ಚು, ಹಾಲಿಗಿಂತ ಹೆಚ್ಚು ಎಂದ ಅವನು. ಮುದ್ದಕ್ಕ, ಮೂಳೆ ಮುರಿದವರಿಗೆ ನಮ್ಮತ್ತೆ ಅದನ್ನೇ ಹಾಕುತ್ತಿದ್ದಳು ಎಂದಳು. ಗಣಿಕೆ ಬಾಯಿಹುಣ್ಣಿಗೆ ಎಂದಳು ಅವಳು. ಹೌದು, ಪುಸ್ತಕದಲ್ಲೂ ಹೀಗೇ ಇದೆ ಎಂದ ಅವನು. ಹೀಗೆ ಇಬ್ಬರೂ ಬದುವಿನ ಮೇಲೆ ಒಬ್ಬರಿಗೊಬ್ಬರು ಪರೀಕ್ಷೆ ಕೊಟ್ಟುಕೊಂಡು ಪಾಸಾಗುತ್ತಾ ಹೋದರು. ಕೆರೆ ಅಂಗಳದಲ್ಲಿ ಹೊನಗೊನ್ನೆಯ ಹತ್ತಿರ ಬಂದಾಗ ಅವನ ಮುಖ ಅರಳಿತು.

"ಇದರಲ್ಲಿ ಎ ಜೀವಸತ್ವ ಎಷ್ಟಿದೆ ಗೊತ್ತೇನಮ್ಮ? ಕಣ್ಣಿನ ರೋಗವೇ ಬರಬಾರದು, ಇಷ್ಟು ಬೆಳೆದಿರುವ ಊರಿನಲ್ಲಿ!"

"ಎಣ್ಣೆ ಬೇಕು ಬುದ್ದಿ ಅದಕ್ಕೆ," ಎಂದಳು ಮುದ್ದಕ್ಕ.

ಅವನು ತಲೆಯಾಡಿಸಿದ. ಪುಸ್ತಕದಲ್ಲೂ ಅದೇ ಇದ್ದಿರಬೇಕು.

ಒಟ್ಟು ಹದಿನಾಲ್ಕು ಸೊಪ್ಪು. ಬಿಸಿಲು ನೆತ್ತಿಗೆ ಬಂದಿತ್ತು. ಪಟೇಲರ ಮನೆಯಲ್ಲಿ ಅವನ ಊಟಕ್ಕೆ ಏರ್ಪಾಡಾಗಿತ್ತು. ಅವನು ಬೂಟು ತೂಗಾಡಿಸುತ್ತಾ, "ಅಮ್ಮ, ಇವನ್ನು ಅಡುಗೆ ಮಾಡಿದ ಮೇಲೆ ಹೇಗಿರುತ್ತದೆ ಅಂತ ನೋಡಬೇಕಲ್ಲ. ನಿಮ್ಮ ಮನೆಯಲ್ಲೇ ಉಣ್ಣುತ್ತೇನೆ," ಎಂದ.

ಮುದ್ದಕ್ಕನ ಜಗಲಿಯ ಮೇಲೆ ಪಟೇಲರ ಆಳೂ ಕೂತು ನೀರು ಕುಡಿದದ್ದಿಲ್ಲ. ಜುಟ್ಟು ಬಿಟ್ಟ ಮೇಲ್ಜಾತಿಯ ಜನ, ಓದಿದ ಜನ, ಖಾದಿ ತೊಟ್ಟು ಬಂದು ಉಣ್ಣುತ್ತೇನೆ ಎಂದರೆ! ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನನ್ನು ಜಗಲಿಯಲ್ಲಿ ಕೂರಿಸಿ ಹಿತ್ತಲ ಬಾಗಿಲಿನಿಂದ ಓಡಿದಳು.

ಮೊದಲು ಪಟೇಲರ ಮನೆಯ ಹಿತ್ತಲಿಗೆ.

"ಅಮ್ನೋರೆ, ಒಂದು ಪಾವು ತೊಗರಿಬೇಳೆ, ಒಂದು ಮಿಳ್ಳೆ ಹುಚ್ಚೆಳ್ಳೆಣ್ಣೆ ಕೊಡಿ. ಕಾಲಿಗೆ ಬೀಳ್ತೀನಿ."

ಪಟೇಲರ ಹೆಂಡತಿ ಶಿವರುದ್ರಮ್ಮನಿಗೆ ಆಗಲೇ ಸುದ್ದಿ ಮುಟ್ಟಿತ್ತು. "ಏನೇ, ನಮ್ಮನೇಲಿ ಹೋಳಿಗೆ ಸುಟ್ಟಿಟ್ಟು ಕಾಯ್ತಾ ಕೂತಿದೀವಿ, ನಿಮ್ಮನೇಲಿ ಸೊಪ್ಪುಣ್ತಾನಂತೆ? ಮಾಟ ಮಾಡಿದ್ಯಾ?" ಎಂದಳು. ಆದರೂ ಕೊಟ್ಟಳು. ಊರಿಗೆ ಬಂದವರ ಮುಂದೆ ಊರು ಬಡವಾಗಬಾರದು ಎನ್ನುವುದು ಅವಳಿಗೂ ಗೊತ್ತಿತ್ತು.

ಮೂರು ಮನೆ ಸುತ್ತಿ ಮೂರು ಹಿಡಿ ರಾಗಿ ಹಿಟ್ಟಾಯಿತು. ಒಂದು ಮನೆಯಲ್ಲಿ ಬೆಳ್ಳುಳ್ಳಿ, ಒಂದು ಮನೆಯಲ್ಲಿ ಉಪ್ಪು. ಕೊನೆಯ ಮನೆಯಲ್ಲಿ ನಾಳೆಗೆಂದು ಮುಚ್ಚಿಟ್ಟ ಹಿಟ್ಟನ್ನು ಮನೆಯಾಕೆ ಇವಳ ಮಡಿಲಿಗೆ ಸುರಿದಳು. ಯಾರೂ ಯಾಕೆ ಎಂದು ಕೇಳಲಿಲ್ಲ. ಕಣಿವೆಹಟ್ಟಿಯಲ್ಲಿ ನೆಂಟರು ಬಂದರೆ ಅಡುಗೆ ಒಂದು ಮನೆಯಲ್ಲಿ, ಸಾಮಾನು ಎಲ್ಲ ಮನೆಯದು. ಮತ್ತು ಆ ಮಾತನ್ನು ನೆಂಟರ ಕಿವಿಗೆ ಹಾಕುವುದಿಲ್ಲ.

ಬೆರಕೆಸೊಪ್ಪಿನ ಮಸ್ಸೊಪ್ಪು, ಎಣ್ಣೆಯಲ್ಲಿ ಹೊಳೆಯುವ ಹೊನಗೊನ್ನೆ ಪಲ್ಯ, ಬಿಸಿ ಮುದ್ದೆ. ಜಯರಾಮಯ್ಯನಿಗೆ ಮುದ್ದೆ ನುಂಗಲು ಬರಲಿಲ್ಲ, ಅಗಿದ. ಕಾಟಿ ಬಾಗಿಲ ಸಂದಿನಿಂದ ಕಿಸಕ್ಕೆಂದಳು. ಅವನು ಎರಡು ಸಲ ಪಲ್ಯ ಹಾಕಿಸಿಕೊಂಡ. ಬೆರಳು ನೆಕ್ಕಿದ. ಆಮೇಲೆ ಪುಸ್ತಕ ತೆಗೆದು ಕೇಳಿದ:

"ಅಮ್ಮ, ಇದು ಇವತ್ತು ನನಗಾಗಿ ಮಾಡಿದ್ದೋ, ದಿನವೂ ಹೀಗೇ ಉಣ್ಣುತ್ತೀರೋ?"

ಅಡುಗೆಮನೆಯಲ್ಲಿ ಪಾಲಣ್ಣ ಖಾಲಿ ಹೊಟ್ಟೆಯಲ್ಲಿ ಗೋಡೆಗೊರಗಿ ಕೂತಿದ್ದ. ಗಡಿಗೆಯ ತಳ ಕಾಣುತ್ತಿತ್ತು.

"ದಿನಾ ಇದೇ ಬುದ್ದಿ," ಎಂದಳು ಮುದ್ದಕ್ಕ. "ನಮ್ಮೋರು ಇನ್ನೇನು ಉಣ್ತಾರೆ? ಸೊಪ್ಪು, ಇಟ್ಟು. ಸಾಕಾಗ್ತದೆ ನಮ್ಗೆ."

"ಎಣ್ಣೆ, ಬೇಳೆ?"

"ಅದಿಲ್ದೆ ಸೊಪ್ಪು ಮಾಡ್ತಾರಾ ಬುದ್ದಿ?"

ಅವನು ಬರೆದುಕೊಂಡ. ಪ್ರಾಮಾಣಿಕ ಮನುಷ್ಯ. ಕೇಳಿದ್ದನ್ನು, ಕಂಡದ್ದನ್ನು, ಉಂಡದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಬರೆಯಲಿಲ್ಲ.

ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಕಾಟಿ ಗಂಜಿಗೆಂದು ಹೋದವಳು ಖಾಲಿ ತಟ್ಟೆ ಹಿಡಿದು ಬಂದಳು. ಚಾವಡಿಗೆ ಬೀಗ. ಮುದ್ದಕ್ಕ ಮೇಷ್ಟ್ರ ಮನೆಗೆ ಹೋದಳು. ನಾಗಲಿಂಗಯ್ಯ ಒಂದು ಕಾಗದ ಹಿಡಿದು ಕೂತಿದ್ದರು.

"ಏನು ಬರೆದವ್ರೆ ಸ್ವಾಮಿ?"

ಮೇಷ್ಟ್ರು ಓದಿದರು. ಸದರಿ ಗ್ರಾಮದ ಸುತ್ತ ಹದಿನಾಲ್ಕು ಬಗೆಯ ಪೌಷ್ಟಿಕ ಸೊಪ್ಪುಗಳು ಹೇರಳವಾಗಿ, ಉಚಿತವಾಗಿ ದೊರೆಯುತ್ತವೆ. ಗ್ರಾಮಸ್ಥರು ಅವನ್ನು ಬೇಳೆ, ಎಣ್ಣೆಗಳೊಡನೆ ಉತ್ತಮ ರೀತಿಯಲ್ಲಿ ಪಾಕ ಮಾಡಿ ರಾಗಿಯೊಡನೆ ನಿತ್ಯವೂ ಸೇವಿಸುತ್ತಾರೆಂದು ಸ್ಥಳ ಪರೀಕ್ಷೆಯಿಂದ ಖಚಿತವಾಗಿದೆ. ಆದಕಾರಣ ಗಂಜಿ ಕೇಂದ್ರವನ್ನು ಮುಂದುವರಿಸುವ ಅಗತ್ಯ ಕಂಡುಬರುವುದಿಲ್ಲ. ಸುತ್ತಲಿನ ಇನ್ನೂ ಆರು ಹಳ್ಳಿಗಳಲ್ಲಿ ಇದೇ ಸೊಪ್ಪುಗಳು ಇರುವುದರಿಂದ ಅಲ್ಲಿಗೂ ಈ ಆಜ್ಞೆ ಅನ್ವಯಿಸತಕ್ಕದ್ದು.

ಪಾಲಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಮನೆಗೆ ಬರುವವರೆಗೂ ತಡೆದುಕೊಂಡ.

"ದಿನಾ ಇದೇ ಬುದ್ದಿ! ಸಾಕಾಗ್ತದೆ ಬುದ್ದಿ!" ಎಂದು ತಾಯಿಯ ಧ್ವನಿಯಲ್ಲೇ ಅಣಕಿಸಿದ. "ಏಳೂರ ಮಕ್ಕಳ ಗಂಜಿ ಒಂದೇ ಮಾತಲ್ಲಿ ಚೆಲ್ಬುಟ್ಟೆ ಕಣವ್ವ."

"ಮನೇಗೆ ಬಂದೋನ ಮುಂದೆ ಗಡಿಗೆ ಬರಿದು ಅಂತ ತೋರಿಸ್ಬೇಕಿತ್ತೇನ್ಲಾ?"

"ತೋರಿಸ್ಬೇಕಿತ್ತು! ಬಗ್ಗಿಸಿ ತೋರಿಸ್ಬೇಕಿತ್ತು! ಅವನು ನೆಂಟ ಅಲ್ಲ ಕಣವ್ವ, ಸರ್ಕಾರ. ಸರ್ಕಾರಕ್ಕೆ ಯಾರಾದ್ರೂ ಮುದ್ದೆ ಇಕ್ಕಿ ಮಾನ ಉಳಿಸ್ಕಂತಾರಾ?"

ರಾಗಿಯ ಗಾಡಿಗಳು ಹೋದಾಗ ಎಷ್ಟು ಮೂಟೆ ಹೋಯಿತು ಎಂದು ಬರೆದುಕೊಳ್ಳಲು ನಾಲ್ಕು ಜನ ನಿಂತಿದ್ದರು. ಮನೆಯಲ್ಲಿ ಎಷ್ಟು ಉಳಿಯಿತು ಎಂದು ಬರೆಯಲು ಒಬ್ಬನೂ ಬರಲಿಲ್ಲ. ಬಂದವನು ಎಲೆ ಎಣಿಸಿಕೊಂಡು ಹೋದ. ಮುದ್ದಕ್ಕನೇ ಎಣಿಸಿಕೊಟ್ಟಳು.

ಮಾರನೆಯ ಬೆಳಗ್ಗೆ ಕಾಟಿಯನ್ನು ಸೊಂಟಕ್ಕೆ ಹಾಕಿಕೊಂಡು, ಆಮೇಲೆ ನಡೆಸಿಕೊಂಡು, ಮತ್ತೆ ಸೊಂಟಕ್ಕೆ ಹಾಕಿಕೊಂಡು ಮುದ್ದಕ್ಕ ಪಾವಗಡಕ್ಕೆ ನಡೆದಳು. ಜಯರಾಮಯ್ಯ ಪ್ರವಾಸಿ ಬಂಗಲೆಯ ಮುಂದೆ ಸಿರಾಕ್ಕೆ ಹೊರಟ ಬಸ್ಸಿಗೆ ಪೆಟ್ಟಿಗೆ ಏರಿಸುತ್ತಿದ್ದ. ಅವಳನ್ನು ಕಂಡು ಸಂತೋಷದಿಂದ ನಕ್ಕ.

"ಓ ಮುದ್ದಕ್ಕ! ನಿಮ್ಮ ಹೊನಗೊನ್ನೆ ಎಲ್ಲಾ ಸೊಪ್ಪಿಗಿಂತ ಮೇಲೆ ಬಂತು ನೋಡಿ."

"ಬುದ್ದಿ, ನಾನು ಸುಳ್ಳು ಹೇಳ್ದೆ."

ಅವನ ನಗು ಮುಖದ ಮೇಲೇ ಉಳಿಯಿತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ.

"ಆವತ್ತಿನ ಬೇಳೆ ನಮ್ದಲ್ಲ, ಎಣ್ಣೆ ನಮ್ದಲ್ಲ, ಇಟ್ಟು ಮೂರು ಮನೇದು. ನೀವು ಉಂಡಿದ್ದು ಊರಿನ ನಾಳೆ ಊಟ ಬುದ್ದಿ. ಸೊಪ್ಪು ಒಂದೇ ನಮ್ದು. ಬರೀ ಸೊಪ್ಪು ಬೇಯಿಸಿ ಕುಡಿದ್ರೆ ಭೇದಿ ಆಗ್ತದೆ, ಕಣ್ಣು ಬರಾಕಿಲ್ಲ. ಈ ಕೂಸಿನ ಕಣ್ಣು ಗಂಜಿ ಮ್ಯಾಲಿನ ಎಣ್ಣೇಲಿ ಬರ್ತಾ ಇತ್ತು. ಬರ್ಕಳಿ. ಈಗ ಬರ್ಕಳಿ."

ಅವನು ಕಾಟಿಯ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದ. ಬಿಳಿಗುಡ್ಡೆಯ ಮೇಲೆ ಸಾಬೂನಿನ ನೊರೆಯಂತಹ ಚುಕ್ಕೆ, ಆ ರೋಗದ ಗುರುತು, ಕಂಡಿರಬೇಕು. ಕೈ ಹಿಂದಕ್ಕೆ ತೆಗೆದುಕೊಂಡ.

"ಆವತ್ತೇ ಯಾಕೆ ಹೇಳಲಿಲ್ಲ ತಾಯಿ?"

"ನೀವು ಉಣ್ತಾ ಇದ್ರಿ."

ಅವನು, ವರದಿ ಆಗಲೇ ಮೇಲಕ್ಕೆ ಹೋಗಿದೆ, ಆದರೂ ಇನ್ನೊಂದು ಕಾಗದ ಬರೆಯುತ್ತೇನೆ, ಇವತ್ತೇ ಬರೆಯುತ್ತೇನೆ ಎಂದ. ಪೆಟ್ಟಿಗೆಯಿಂದ ಒಂದು ಸಣ್ಣ ಸೀಸೆ ಮೀನೆಣ್ಣೆ ತೆಗೆದು ಕೊಟ್ಟ. ತನಗಾಗಿ ಇಟ್ಟುಕೊಂಡದ್ದು, ಅರ್ಧ ಇತ್ತು. ಬಸ್ಸು ಹೊರಟಿತು. ಇಪ್ಪತ್ತು ದಿನ ಮುದ್ದಕ್ಕ ಕಾಟಿಗೆ ಅರ್ಧರ್ಧ ಚಮಚ ಕುಡಿಸಿದಳು. ಸೀಸೆ ಮುಗಿದ ಮೇಲೆ ನೀರು ಹಾಕಿ ತೊಳೆದು ಅದನ್ನೂ ಕುಡಿಸಿದಳು.

ಜಯರಾಮಯ್ಯ ಹೇಳಿದಂತೆ ಇನ್ನೊಂದು ಕಾಗದ ಬರೆದಿದ್ದ. ಮೂರು ತಿಂಗಳಾದ ಮೇಲೆ ನಾಗಲಿಂಗಯ್ಯನವರಿಗೆ ಅದರ ಉತ್ತರ ಬಂತು. ಪೂರಕ ಸಂಗತಿಗಳನ್ನು ಮುಂದಿನ ವರ್ಷದ ಪರೀಕ್ಷೆಯ ಕಾಲದಲ್ಲಿ ಪರಿಶೀಲಿಸಲಾಗುವುದು ಎಂದಿತ್ತು. ಕಾಟಿಯ ಕಣ್ಣಿಗೆ ಮುಂದಿನ ವರ್ಷದವರೆಗೆ ಕಾಯಬೇಕೆಂದು ಯಾರೂ ಬರೆದು ತಿಳಿಸಿರಲಿಲ್ಲ. ಆಷಾಢದಲ್ಲಿ ಅವಳಿಗೆ ಗೊಬ್ಬರ, ಅಂದರೆ ದಡಾರ, ಎದ್ದಿತು. ಮೈಮೇಲಿನ ಗುಳ್ಳೆ ಬಾಡಿ ಜ್ವರ ಇಳಿಯುವ ಹೊತ್ತಿಗೆ ಎರಡೂ ಕಣ್ಣಲ್ಲಿ ಹೂ ಬಿದ್ದಿತ್ತು.

ಆಜ್ಞೆಯ ಜೊತೆಗೆ ಬರಬೇಕಾಗಿದ್ದ ಹದಿನಾಲ್ಕು ಸೊಪ್ಪಿನ ಪಟ್ಟಿ ಶ್ರಾವಣದಲ್ಲಿ ಬಂತು. ದಪ್ಪ ಕಾಗದ, ಬಣ್ಣದ ಅಚ್ಚು. ಚಾವಡಿಯ ಬೀಗ ಹಾಕಿದ ಬಾಗಿಲ ಮೇಲೆ ತಳವಾರ ಅದನ್ನು ಮೊಳೆ ಹೊಡೆದು ಹೋದ. ನಾಗಲಿಂಗಯ್ಯ ಮೇಷ್ಟ್ರು ಓದಿ ಹೇಳಿದರು. ಮೊದಲನೆಯದು ಹೊನಗೊನ್ನೆ. ಎ ಜೀವಸತ್ವ ಅತಿ ಹೆಚ್ಚು. ಎಣ್ಣೆಯಲ್ಲಿ ಬಾಡಿಸಿ ಪಲ್ಯ. ಕಣ್ಣಿಗೆ ಅತ್ಯುತ್ತಮ. ಎರಡನೆಯದು ನುಗ್ಗೆ. ಮೂರನೆಯದು ಮುಳ್ಳುಕೀರೆ.

"ನನ್ನ ಮಾತೇ ಅಲ್ವಾ ಇದು," ಎಂದಳು ಮುದ್ದಕ್ಕ.

"ನಿನ್ನ ಮಾತೇ."

ಕಾಟಿ ಅಜ್ಜಿಯ ಸೆರಗು ಹಿಡಿದು ಮುಖ ಮೇಲೆತ್ತಿದ್ದಳು. "ಅಜ್ಜಿ, ಚಿತ್ರ ಐತಾ ಅದ್ರಾಗೆ?"

"ಐತೆ ಕಣಮ್ಮ."

"ಹೊನಗೊನ್ನೇದೂ ಐತಾ? ಹೆಂಗೈತೆ?"

ಹಸಿರು ಬಣ್ಣ ಹಾಕಿ ಚೆನ್ನಾಗಿಯೇ ಬರೆದಿದ್ದರು. ಗಿಣ್ಣಿನ ಬಳಿಯ ಬಿಳಿ ಹೂವಿನ ಮೊಗ್ಗನ್ನೂ ಬಿಟ್ಟಿರಲಿಲ್ಲ. "ನಮ್ ಕೆರೇದ್ರಂಗೇ ಐತೆ," ಎಂದಳು ಮುದ್ದಕ್ಕ.

ಆದರೆ ಕೆರೆ ಅಂಗಳದಲ್ಲಿ ಹಾಗೆ ಇರಲಿಲ್ಲ. ಗಂಜಿ ನಿಂತ ಮೇಲೆ ಏಳು ಹಳ್ಳಿಯವರೂ ಸೊಪ್ಪಿಗೆ ಬಿದ್ದಿದ್ದರು. ಮೊದಲು ಕುಡಿ ಚಿವುಟಿದರು. ಆಮೇಲೆ ಕುಡಿ ಒಡೆಯುವ ತನಕ ಕಾಯುವ ಹೊಟ್ಟೆ ಯಾರಿಗೂ ಇರಲಿಲ್ಲ. ಕಾಂಡ ಮುರಿದರು, ಆಮೇಲೆ ಬೇರು ಕಿತ್ತರು. ಬೇರು ಕಿತ್ತವಳನ್ನು ಕೇಳುವವರು ಊರಿನಲ್ಲಿ ಉಳಿಯಲಿಲ್ಲ, ಯಾಕೆಂದರೆ ಕೇಳಬೇಕಾದವರ ಮಡಿಲಲ್ಲೂ ಬೇರೇ ಇತ್ತು. ಬದುಗಳು ಬೋಳಾದವು. ಗುಡ್ಡದ ಕೆಳಗೆ ಹದಿನಾಲ್ಕು ಬಗೆ ಇದ್ದದ್ದು ಈಗ ಚಾವಡಿಯ ಬಾಗಿಲ ಮೇಲೆ ಮಾತ್ರ ಇತ್ತು.

ಅಂದು ಮಧ್ಯಾಹ್ನ ಅಜ್ಜಿ ಮೊಮ್ಮಗಳು ಕೆರೆಯ ಏರಿ ಇಳಿದರು. ಮುದ್ದಕ್ಕ ಮುಂದೆ, ಸೆರಗು ಹಿಡಿದ ಕಾಟಿ ಹಿಂದೆ. ಬಹಳ ಹೊತ್ತು ಹುಡುಕಿದರು. ತೂಬಿನ ಕಲ್ಲಿನ ಸಂದಿಯಲ್ಲಿ, ಯಾರ ಕಣ್ಣಿಗೂ ಬೀಳದೆ, ಗೇಣುದ್ದದ ಒಂದು ಹೊನಗೊನ್ನೆ ಗಿಡ ಉಳಿದಿತ್ತು. ಕುಡಿ ಚಿವುಟಿದರೆ ಮೂರೋ ನಾಲ್ಕೋ ಎಲೆ. ಒಂದು ತುತ್ತಿಗೂ ಸಾಲದು.

ಮುದ್ದಕ್ಕ ಕೂತಳು. ಎರಡು ಬೆರಳನ್ನು ಕುಡಿಯ ಹತ್ತಿರ ತಂದಳು. ಹಾಗೇ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಮುಷ್ಟಿಯನ್ನು ಗಿಡದ ಬುಡಕ್ಕೆ ಇಳಿಸಿ ಎಳೆದಳು. ಮಣ್ಣು ಹಸಿ ಇತ್ತು, ಸುಲಭವಾಗಿ ಬಂತು. ಅದನ್ನು ಕಾಟಿಯ ಮಡಿಲಿಗೆ ಹಾಕಿದಳು.

ಕಾಟಿ ಎಲೆ ಮುಟ್ಟಿದಳು, ಹೊನಗೊನ್ನೆ ಎಂದು ಗುರುತು ಹಿಡಿದಳು. ಬೆರಳು ಕಾಂಡದ ಮೇಲೆ ಜಾರಿ ಕೆಳಗೆ ಬಂತು, ಒದ್ದೆ ಮಣ್ಣಿನಲ್ಲಿ ನಿಂತಿತು.

"ಅಜ್ಜಿ, ಬೇರು ಬಂದ್ಬುಟ್ಟೈತೆ."

"ಗೊತ್ತು ಬುಡು," ಎಂದಳು ಮುದ್ದಕ್ಕ. "ಅದನ್ನೂ ಬೇಯಿಸಾನ."